ಚೆಪಾಕ್‌ನಲ್ಲಿ 18 ಎಸೆತ: ವೆಂಕಟೇಶ್ ಪ್ರಸಾದ್ ಬಗ್ಗೆ ನಾವು ಮರೆತ ಭಾಗ

ವಿಡಿಯೋ ಪೂರ್ತಿ ನೋಡೋಕೆ ಆಗದೆ ಕ್ಯಾಬ್‌ನಲ್ಲಿ ಕೂತು ಓದೋರಿಗೆ ಅಂತ ಎಂದಿನ ಹಾಗೆ ಇದು ಮಾತಿನ ಬರಹರೂಪ. ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೀನಿ, ಮಾತಾಡುವಾಗ ಬಿಟ್ಟುಹೋಗಿದ್ದ ಒಂದೆರಡು ವಿಷಯ ಸೇರಿಸಿದ್ದೀನಿ.

ವೆಂಕಟೇಶ್ ಪ್ರಸಾದ್ ಅಂದ ತಕ್ಷಣ ನಿಮ್ಮ ಕಣ್ಣ ಮುಂದೆ ಏನು ಬರುತ್ತೆ? ಹೇಳಬೇಕಾಗೇ ಇಲ್ಲ. 1996ರ ಮಾರ್ಚ್ 9, ಬೆಂಗಳೂರು, ವಿಶ್ವಕಪ್ ಕ್ವಾರ್ಟರ್ ಫೈನಲ್. ಆಮೀರ್ ಸೊಹೈಲ್ ಒಂದು ಬೌಂಡರಿ ಹೊಡೆದು, ಬ್ಯಾಟನ್ನ ಬೌಂಡರಿ ಕಡೆ ತೋರಿಸಿ, ಮುಂದಿನದೂ ಅಲ್ಲಿಗೇ ಅನ್ನೋ ಹಾಗೆ ಸನ್ನೆ ಮಾಡ್ತಾರೆ. ಮುಂದಿನ ಎಸೆತಕ್ಕೆ ಆಫ್ ಸ್ಟಂಪ್ ಹಾರಿಹೋಗುತ್ತೆ. ಆಮೇಲೆ ಪ್ರಸಾದ್ ಕೊಟ್ಟ ಬೀಳ್ಕೊಡುಗೆ ಮಾತು ಇಲ್ಲಿ ಬರೆಯೋ ಹಾಗಿಲ್ಲ. ಈಗಲೂ ಭಾರತ-ಪಾಕಿಸ್ತಾನ ಮ್ಯಾಚ್ ಬಂದಾಗಲೆಲ್ಲ ಆ ತುಣುಕು ನಮ್ಮ ಫ್ಯಾಮಿಲಿ ಗ್ರೂಪಿಗೆ ಬಂದೇ ಬರುತ್ತೆ, ಅದೂ ಮೂರು ಜನರಿಂದ.

ನಾನೂ ಹಾಗೇ ಅಂದ್ಕೊಂಡಿದ್ದೆ, ಪ್ರಸಾದ್ ಅಂದ್ರೆ ಆ ಒಂದು ಬಾಲ್ ಅಂತ. ಆ ಅಭಿಪ್ರಾಯ ಬದಲಾಗಿದ್ದು ಚೆನ್ನೈಗೆ ಬಂದ ಮೇಲೆ.

ಕೆಲಸಕ್ಕೆ ಅಂತ ಇಲ್ಲಿಗೆ ಬಂದ ಹೊಸದರಲ್ಲಿ ಓಎಂಆರ್‌ನಲ್ಲಿ ಒಂದು ಪಿಜಿಯಲ್ಲಿದ್ದೆ. ತಮಿಳು ಬರ್ತಿರಲಿಲ್ಲ. ಆಫೀಸಿನಲ್ಲಿ ಪಕ್ಕದ ಸೀಟಿನವರು ನನಗಿಂತ ಹದಿನೈದು ವರ್ಷ ದೊಡ್ಡವರು, ಟ್ರಿಪ್ಲಿಕೇನ್‌ನಲ್ಲೇ ಹುಟ್ಟಿ ಬೆಳೆದವರು. ಎಲ್ಲರೂ ಅವರನ್ನ ಅಣ್ಣಾ ಅಂತಿದ್ರು, ನಾನೂ ಅಂದೆ. ಊರು ಯಾವುದು ಅಂತ ಕೇಳಿದ್ರು. ಅರಸೀಕೆರೆ ಅಂದೆ. ಗೊತ್ತಾಗಲಿಲ್ಲ, ಕರ್ನಾಟಕ ಅಂದೆ. ಹೊಸಬ ಕನ್ನಡಿಗನಿಗೆ ಚೆನ್ನೈನಲ್ಲಿ ಮುಂದಿನ ಪ್ರಶ್ನೆ ಕಾವೇರಿಯದೇ ಇರುತ್ತೆ ಅಂತ ಯಾರೋ ಹೆದರಿಸಿ ಕಳಿಸಿದ್ರು, ನಾನು ರೆಡಿ ಆಗಿ ಕೂತಿದ್ದೆ. ಅವರು ಕೇಳಿದ್ದು ಬೇರೆ. "ವೆಂಕಟೇಶ್ ಪ್ರಸಾದ್ ಊರಾ? ಆ 6 ವಿಕೆಟ್ ತೆಗೆದ ದಿನ ನಾನ್ ಅಂಗ ಇರುಂದೇನ್ ಪಾ." ಆ ದಿನ ನಾನು ಅಲ್ಲೇ ಇದ್ದೆ ಅಂತ. ಯಾವ 6 ವಿಕೆಟ್ ಅಂತ ನನಗೆ ತಕ್ಷಣ ಹೊಳೀಲಿಲ್ಲ. ಇವತ್ತಿಗೂ ಅದು ನೆನೆಸಿಕೊಂಡರೆ ಸ್ವಲ್ಪ ನಾಚಿಕೆ ಆಗುತ್ತೆ.

ಅದಕ್ಕೇ ಈ ವಾರ ಪ್ರಸಾದ್. ಆದರೆ ಬೆಂಗಳೂರಿನ ಪ್ರಸಾದ್ ಅಲ್ಲ, ಚೆಪಾಕ್‌ನ ಪ್ರಸಾದ್.

ಮೊದಲು ಸ್ವಲ್ಪ ಹಿನ್ನೆಲೆ. ಹುಟ್ಟಿದ್ದು 1969ರ ಆಗಸ್ಟ್ 5, ಬೆಂಗಳೂರಿನಲ್ಲಿ. ಭಾರತಕ್ಕೆ ಮೊದಲ ಒಂದು ದಿನದ ಪಂದ್ಯ 1994ರಲ್ಲಿ ನ್ಯೂಜಿಲೆಂಡ್‌ನಲ್ಲಿ, ಮೊದಲ ಟೆಸ್ಟ್ 1996ರಲ್ಲಿ ಇಂಗ್ಲೆಂಡ್‌ನ ಎಡ್ಜ್‌ಬಾಸ್ಟನ್‌ನಲ್ಲಿ. ಮೈಸೂರಿನ ಶ್ರೀನಾಥ್ ಆ ಹೊತ್ತಿಗೆ ದೇಶದಲ್ಲೇ ಅತಿ ವೇಗದ ಬೌಲರ್. ಹೊಸ ಚೆಂಡು ಒಂದು ತುದಿಯಿಂದ ಅವರು, ಇನ್ನೊಂದು ತುದಿಯಿಂದ ಇವರು. ಚೆನ್ನೈನ ಚೆಟ್‌ಪೆಟ್‌ನಲ್ಲಿ ಎಂಆರ್‌ಎಫ್ ಪೇಸ್ ಫೌಂಡೇಶನ್ ಇದೆಯಲ್ಲ, 1987ರಲ್ಲಿ ಶುರುವಾಗಿದ್ದು, ಡೆನ್ನಿಸ್ ಲಿಲ್ಲಿ ಬಂದು ಹುಡುಗರಿಗೆ ಪಾಠ ಹೇಳಿಕೊಡ್ತಿದ್ದ ಜಾಗ, ಅಲ್ಲಿ ಪಳಗಿದವರ ಪಟ್ಟಿಯಲ್ಲಿ ಶ್ರೀನಾಥ್ ಹೆಸರೂ ಇದೆ, ಪ್ರಸಾದ್ ಹೆಸರೂ ಇದೆ. ನಾವು ಸಾಫ್ಟ್‌ವೇರ್‌ನವರು ಟ್ರೇನಿಂಗ್ ಅಂತ ಈ ಊರಿಗೆ ಬರೋಕೆ ಮುಂಚೆಯೇ ಅವರು ಬಂದು ಹೋಗಿದ್ರು.

ಪ್ರಸಾದ್ ವೇಗದ ಬೌಲರ್ ಅಂತ ಕರೆಸಿಕೊಂಡರೂ ಅವರ ಬಲ ವೇಗದಲ್ಲಿರಲಿಲ್ಲ. ಓಡಿ ಬರೋದು, ಕೈ ತಿರುಗೋದು ಎಲ್ಲ ವೇಗದ ಬೌಲರ್ ಥರಾನೇ. ಆದರೆ ಚೆಂಡು ಬಿಡೋ ಕ್ಷಣದಲ್ಲಿ ಬೆರಳು ಸೀಮ್‌ನ ಪಕ್ಕಕ್ಕೆ ಜಾರುತ್ತೆ, ಕೊಯ್ದ ಹಾಗೆ. ಅದೇ ಲೆಗ್ ಕಟರ್. ನೆಲಕ್ಕೆ ಬಿದ್ದ ಮೇಲೆ ಚೆಂಡು ಬಲಗೈ ಬ್ಯಾಟ್ಸ್‌ಮನ್‌ನಿಂದ ಆಚೆಗೆ ಹೋಗುತ್ತೆ. ಇನ್ನೊಂದು ಅವರ ನಿಧಾನದ ಎಸೆತ. ತೋಳಿನ ವೇಗ ಅಷ್ಟೇ, ಚೆಂಡು ಮಾತ್ರ ತಡವಾಗಿ ಬರುತ್ತೆ. ಬ್ಯಾಟ್ಸ್‌ಮನ್ ಹೊಡೆದು ಮುಗಿಸಿದ ಮೇಲೆ ಚೆಂಡು ತಲುಪುತ್ತೆ. ಈಗ ಐಪಿಎಲ್‌ನಲ್ಲಿ ಪ್ರತಿ ಬೌಲರೂ ಓವರಿಗೆ ಎರಡು ಹಾಕ್ತಾನೆ, ನಮಗೆ ವಿಶೇಷ ಅನ್ನಿಸಲ್ಲ. ಆಗ ಅದನ್ನೇ ನಂಬಿ ಅಂತರರಾಷ್ಟ್ರೀಯ ಕ್ರಿಕೆಟ್‌ನಲ್ಲಿ ಬದುಕಿದವರು ಕಡಿಮೆ.

ಅಮೆರಿಕದಲ್ಲಿರೋ ನಮ್ಮ ಓದುಗರಿಗೆ ಇದು ಬೇಸ್‌ಬಾಲ್‌ನಿಂದ ಸುಲಭವಾಗಿ ಅರ್ಥ ಆಗಬಹುದು. ಫೆರ್ನಾಂಡೋ ವಾಲೆನ್ಸುವೆಲಾ ಅಂತ ಒಬ್ಬ ಪಿಚರ್ ಇದ್ರು, ಮೆಕ್ಸಿಕೋದ ಸೊನೋರಾ ಪ್ರಾಂತ್ಯದ ಒಂದು ಹಳ್ಳಿಯವರು. ಅವರದ್ದೂ ವೇಗದ ಆಟ ಅಲ್ಲ. ಮಣಿಕಟ್ಟನ್ನ ಉಲ್ಟಾ ದಿಕ್ಕಿಗೆ ತಿರುಗಿಸಿ ಬಿಡೋ ಸ್ಕ್ರೂಬಾಲ್ ಅನ್ನೋ ಎಸೆತ ಅವರ ಅಸ್ತ್ರ. 1981ರಲ್ಲಿ ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡಕ್ಕೆ ಆಡಿ, ವರ್ಷದ ಹೊಸ ಆಟಗಾರ ಪ್ರಶಸ್ತಿ, ಅತ್ಯುತ್ತಮ ಪಿಚರ್‌ಗೆ ಕೊಡೋ ಸೈ ಯಂಗ್ ಪ್ರಶಸ್ತಿ ಎರಡನ್ನೂ ಒಂದೇ ವರ್ಷ ತಗೊಂಡರು. ಆ ಊರಿಗೆ ದುಡಿಯೋಕೆ ಬಂದಿದ್ದ ಮೆಕ್ಸಿಕನ್ ಜನ ಅವರು ಆಡೋ ದಿನ ಸ್ಟೇಡಿಯಂ ತುಂಬಿಸ್ತಿದ್ರು. ಅದಕ್ಕೂ ಮುಂಚೆ ಆ ಸ್ಟೇಡಿಯಂ ಅಂದ್ರೆ ಅವರಿಗೆ ಕಹಿ, ಯಾಕಂದ್ರೆ ಅದನ್ನ ಕಟ್ಟಿದ ಜಾಗದಿಂದ 1950ರ ದಶಕದಲ್ಲಿ ಮೆಕ್ಸಿಕನ್ ಕುಟುಂಬಗಳನ್ನೇ ಎಬ್ಬಿಸಿದ್ರು. ಪರವೂರಿನ ಮೈದಾನದಲ್ಲಿ ನಮ್ಮವನೊಬ್ಬ ಚೆಂಡು ಹಿಡಿದು ನಿಂತರೆ ಏನಾಗುತ್ತೆ ಅಂತ ಅವರಿಗೆ ಗೊತ್ತು. ನನಗೂ ಸ್ವಲ್ಪ ಗೊತ್ತು.

ಪ್ರಸಾದ್ ಕಡೆ ಬರೋಣ. ಮೊದಲ ಪ್ರವಾಸದಲ್ಲೇ ಲಾರ್ಡ್ಸ್‌ನಲ್ಲಿ 76 ರನ್ನಿಗೆ 5 ವಿಕೆಟ್. ಆ ಟೆಸ್ಟ್‌ನಲ್ಲೇ ಗಂಗೂಲಿ, ದ್ರಾವಿಡ್ ಕಾಲಿಟ್ಟಿದ್ದು, ಹಾಗಾಗಿ ನಮಗೆ ನೆನಪಿರೋದು ಅವರಿಬ್ಬರೇ. ಅದೇ ವರ್ಷ ಡಿಸೆಂಬರ್‌ನಲ್ಲಿ ಡರ್ಬನ್‌ನಲ್ಲಿ ಎರಡೂ ಇನಿಂಗ್ಸ್‌ನಲ್ಲಿ ಐದೈದು, ಒಟ್ಟು 10 ವಿಕೆಟ್. ಭಾರತ ಎರಡನೇ ಇನಿಂಗ್ಸ್‌ನಲ್ಲಿ 66ಕ್ಕೆ ಆಲೌಟ್, 328 ರನ್ನಿನಿಂದ ಸೋಲು. ಒಂದೇ ಟೆಸ್ಟ್‌ನಲ್ಲಿ ಪ್ರಸಾದ್ 10 ವಿಕೆಟ್ ತೆಗೆದಿದ್ದು ಜೀವನದಲ್ಲಿ ಅದೊಂದೇ ಸಲ. ಅದು ಆ ಸೋಲಿನ ಅಡಿಗೆ ಸಿಕ್ಕಿಹಾಕಿಕೊಂಡಿತು.

ಈಗ ಚೆನ್ನೈ. 1999ರ ಜನವರಿ. 1987ರಲ್ಲಿ ಬೆಂಗಳೂರಿನಲ್ಲಿ ಭಾರತ 16 ರನ್ನಿನಿಂದ ಸೋತ ಮೇಲೆ ಪಾಕಿಸ್ತಾನ ಭಾರತದ ನೆಲದಲ್ಲಿ ಟೆಸ್ಟ್ ಆಡಿರಲಿಲ್ಲ. ಮೊದಲ ಟೆಸ್ಟ್ ದೆಹಲಿಯಲ್ಲಿ ಆಗಬೇಕಿತ್ತು. ಪಾಕಿಸ್ತಾನ ಬರಬಾರದು ಅಂತ ಶಿವಸೇನೆಯವರು ಫಿರೋಜ್ ಷಾ ಕೋಟ್ಲಾ ಪಿಚ್ ಅಗೆದುಹಾಕಿದರು. ಹಾಗಾಗಿ ಮೊದಲ ಟೆಸ್ಟ್ ಚೆನ್ನೈಗೆ ಬಂತು, ದೆಹಲಿ ಎರಡನೆಯದಾಯಿತು. ಇಲ್ಲಿ ಏನಾಗುತ್ತೋ ಅನ್ನೋ ಭಯದಲ್ಲೇ ಜನವರಿ 28, ಗುರುವಾರ ಆಟ ಶುರುವಾಯ್ತು.

ಆ ಹನ್ನೊಂದು ಜನರಲ್ಲಿ ಐದು ಜನ ನಮ್ಮವರು. ದ್ರಾವಿಡ್, ಕುಂಬ್ಳೆ, ಶ್ರೀನಾಥ್, ಪ್ರಸಾದ್, ಮತ್ತೆ ಗದಗಿನ ಸುನಿಲ್ ಜೋಶಿ. ಚೆನ್ನೈನ ಹುಡುಗ ಸದಗೋಪನ್ ರಮೇಶ್‌ಗೆ ಅದು ಮೊದಲ ಟೆಸ್ಟ್. ಕುಂಬ್ಳೆ ಮೊದಲ ದಿನ 70 ರನ್ನಿಗೆ 6 ವಿಕೆಟ್ ತೆಗೆದು ಪಾಕಿಸ್ತಾನವನ್ನ 238ಕ್ಕೆ ಕಟ್ಟಿಹಾಕಿದರು. ಪ್ರಸಾದ್‌ಗೆ ಒಂದೂ ವಿಕೆಟ್ ಇಲ್ಲ. ಭಾರತ 254. ಹದಿನಾರು ರನ್ ಮುನ್ನಡೆ.

ಮೂರನೇ ದಿನ ಶನಿವಾರ. ಶಾಹಿದ್ ಅಫ್ರಿದಿ, ಅವರಿಗದು ಎರಡನೇ ಟೆಸ್ಟ್, ಹೊಡೆದು ಹೊಡೆದು 141 ಮಾಡಿಬಿಟ್ಟರು. 4 ವಿಕೆಟ್ ನಷ್ಟಕ್ಕೆ 275. ಹೀಗೇ ಹೋಗಿದ್ರೆ ಗುರಿ 350 ದಾಟಿ, 400ರ ಹತ್ತಿರ ಹೋಗ್ತಿತ್ತು, ಮ್ಯಾಚ್ ಅಲ್ಲಿಗೆ ಮುಗೀತು ಅಂತ ಎಲ್ಲರೂ ಅಂದ್ಕೊಂಡಿರ್ತಾರೆ. ಜೋಶಿ ಸಲೀಂ ಮಲಿಕ್ ಅವರನ್ನ ಔಟ್ ಮಾಡಿದರು. ಆಮೇಲೆ ಶುರುವಾಯ್ತು ನೋಡಿ. ಪ್ರಸಾದ್ ಎಸೆತಕ್ಕೆ ಅಫ್ರಿದಿ ಬೌಲ್ಡ್. ಮೊಯಿನ್ ಖಾನ್ ಹೋದರು. ನಾಯಕ ವಾಸಿಂ ಅಕ್ರಂ ಹೋದರು. ಸಕ್ಲೇನ್ ಮುಷ್ತಾಕ್ ಎಲ್‌ಬಿ. ಕೊನೆಗೆ ವಖಾರ್ ಯೂನಿಸ್. ಪ್ರಸಾದ್‌ಗೆ 18 ಎಸೆತದಲ್ಲಿ 5 ವಿಕೆಟ್, ಕೊಟ್ಟಿದ್ದು ಸೊನ್ನೆ. ಇನ್ನೊಮ್ಮೆ ಓದಿಕೊಳ್ಳಿ, ಸೊನ್ನೆ. ಹನ್ನೊಂದು ರನ್ ಸೇರಿಸೋ ಅಷ್ಟರಲ್ಲಿ ಆರು ಜನ ಪೆವಿಲಿಯನ್‌ನಲ್ಲಿ. 286ಕ್ಕೆ ಆಲೌಟ್.

ಲೆಕ್ಕ ಹೀಗಿದೆ: 10.2 ಓವರ್, 5 ಮೇಡನ್, 33 ರನ್, 6 ವಿಕೆಟ್. ಮೊದಲೇ ತೆಗೆದಿದ್ದ ಸಯೀದ್ ಅನ್ವರ್ ವಿಕೆಟ್ಟೂ ಸೇರಿ.

ಆ ದಿನದ ಬಗ್ಗೆ ಅಣ್ಣ ಹೇಳೋದು ಸದ್ದಿನ ಕಥೆ. ಚೆಪಾಕ್ ಮರೀನಾ ಬೀಚಿಗೆ ಅಂಟಿಕೊಂಡೇ ಇದೆ, ಮಧ್ಯಾಹ್ನ ಆದರೆ ಕಡಲ ಗಾಳಿ ಒಳಗೆ ಬರುತ್ತೆ. ಅಫ್ರಿದಿ ಹೊಡೀತಿದ್ದಾಗ ಆ ಗಾಳಿಯ ಸದ್ದು ಕೇಳಿಸ್ತಿತ್ತಂತೆ, ಅಷ್ಟು ಮೌನ. ಅರ್ಧ ಗಂಟೆಯಲ್ಲಿ ಪಕ್ಕದವರು ಕೂಗಿದ್ದು ಕೂಡ ಕೇಳಿಸದ ಹಾಗಾಯ್ತಂತೆ. "ನಿಮ್ಮವನಿಗೆ ನಾವು ಗಂಟಲು ಕಿತ್ತುಕೊಂಡ್ವಿ" ಅಂತಾರೆ ಈಗಲೂ.

ಗುರಿ 271. ಈಗ ನನ್ನ ನೆನಪು ಶುರುವಾಗುತ್ತೆ. ಮರುದಿನ ಜನವರಿ 31, ಭಾನುವಾರ. ನಾನು ಆರನೇ ಕ್ಲಾಸು. ನಮ್ಮ ಮನೆ ಟಿವಿ ಕೆಟ್ಟಿತ್ತು, ಪಕ್ಕದ ಮನೆ ಹಾಲ್‌ನಲ್ಲಿ ಚಾಪೆ ಮೇಲೆ ಹತ್ತು ಹನ್ನೆರಡು ಜನ. 82ಕ್ಕೆ 5 ಆದಾಗ ದೊಡ್ಡವರು ಎದ್ದು ಊಟಕ್ಕೆ ಹೋದರು. ಸಚಿನ್, ನಯನ್ ಮೊಂಗಿಯಾ 136 ರನ್ ಸೇರಿಸಿದಾಗ ಒಬ್ಬೊಬ್ಬರಾಗಿ ವಾಪಸ್ ಬಂದರು. ಸಚಿನ್‌ಗೆ ಬೆನ್ನು ನೋವು, ಪ್ರತಿ ಹೊಡೆತಕ್ಕೂ ಮುಖ ಕಿವುಚ್ತಿದ್ರು. ಮೊಂಗಿಯಾ ಔಟಾದ ಮೇಲೆ ಜೋಶಿ ಬಂದು ಒಂದು ಸಿಕ್ಸರ್ ಕೂಡ ಹೊಡೆದರು. 6 ವಿಕೆಟ್‌ಗೆ 254. ಬೇಕಾಗಿದ್ದು ಹದಿನೇಳು. ಸಚಿನ್ 136ರಲ್ಲಿ ಸಕ್ಲೇನ್‌ಗೆ ಎತ್ತಿ ಹೊಡೆದರು, ಸರಿಯಾಗಿ ತಾಗಲಿಲ್ಲ, ವಾಸಿಂ ಹಿಡಿದರು.

ಇಲ್ಲಿ ಒಂದು ನಿಮಿಷ ನಿಲ್ಲಿ. ಆಗ ಉಳಿದ ಬ್ಯಾಟ್ಸ್‌ಮನ್‌ಗಳು ಯಾರು? ಜೋಶಿ, ಕುಂಬ್ಳೆ, ಶ್ರೀನಾಥ್, ಪ್ರಸಾದ್. ನಾಲ್ವರೂ ಕರ್ನಾಟಕದವರು. ಎರಡು ಇನಿಂಗ್ಸ್‌ನಲ್ಲಿ ಪಾಕಿಸ್ತಾನದ 20 ವಿಕೆಟ್‌ನಲ್ಲಿ 17 ತೆಗೆದಿದ್ದು ಈ ನಾಲ್ಕೇ ಜನ, ಉಳಿದ ಮೂರು ಸಚಿನ್‌ದು. ಮ್ಯಾಚನ್ನ ಅಲ್ಲಿಗೆ ತಂದವರೇ ಈಗ 17 ರನ್ ಹೊಡೀಬೇಕು, ಅದೂ ವಾಸಿಂ, ಸಕ್ಲೇನ್ ಎದುರು. ಚಾಪೆ ಮೇಲೆ ಕೂತಿದ್ದ ಒಬ್ಬರು ಹಿರಿಯರು, "ನಮ್ಮ ಹುಡುಗರು, ಆಗುತ್ತೆ ಬಿಡ್ರೋ" ಅಂದರು. ನನಗೆ ಆ ಮಾತಿನ ಮೇಲೆ ಎಂಥ ನಂಬಿಕೆ ಬಂತು ಅಂದ್ರೆ!

ಕುಂಬ್ಳೆ ಒಂದು ರನ್, ವಾಸಿಂಗೆ ಎಲ್‌ಬಿ. 256. ಜೋಶಿ ಸಕ್ಲೇನ್‌ಗೇ ಕ್ಯಾಚ್ ಕೊಟ್ಟರು. ಆಗಲೂ 256. ಶ್ರೀನಾಥ್ ಸಕ್ಲೇನ್ ಎಸೆತ ತಡೆದರು, ಚೆಂಡು ನೆಲಕ್ಕೆ ಬಿದ್ದು, ಹಿಂದಕ್ಕೆ ಉರುಳಿ, ಸ್ಟಂಪಿಗೆ ತಾಗಿತು. 258. ಹನ್ನೆರಡು ರನ್ನಿನ ಸೋಲು. ಇನ್ನೊಂದು ತುದಿಯಲ್ಲಿ ಪ್ರಸಾದ್, ಸೊನ್ನೆಗೆ ನಾಟೌಟ್. ಹಿಂದಿನ ದಿನ ಸೊನ್ನೆ ರನ್ ಕೊಟ್ಟು ಐದು ವಿಕೆಟ್ ತೆಗೆದ ಮನುಷ್ಯ.

ನಮ್ಮ ಹಾಲ್‌ನಲ್ಲಿ ಯಾರೋ ಟಿವಿ ಆರಿಸಿಬಿಟ್ಟರು. ಅದರಿಂದ ನಾನು ಒಂದು ವಿಷಯ ಕಳ್ಕೊಂಡೆ, ಎಷ್ಟೋ ವರ್ಷ ಆದ ಮೇಲೆ ಗೊತ್ತಾಗಿದ್ದು. ಚೆಪಾಕ್ ಜನ ಎದ್ದು ನಿಂತರು. ಚಪ್ಪಾಳೆ ತಟ್ಟಿದರು, ಪಾಕಿಸ್ತಾನಕ್ಕೆ. ವಾಸಿಂ ತಂಡ ಮೈದಾನದ ಸುತ್ತ ಒಂದು ಸುತ್ತು ಓಡಿತು, ಅವರು ಓಡಿದಷ್ಟು ದೂರಕ್ಕೂ ಆ ಭಾಗದವರು ಎದ್ದು ಚಪ್ಪಾಳೆ ಹೊಡೆದರು. ಪಿಚ್ ಅಗೆದ ತಿಂಗಳಲ್ಲೇ ಇದು ನಡೆದಿದ್ದು. ವಾಸಿಂ ಅಕ್ರಂ ಆಮೇಲೂ ಅದನ್ನ ಎಷ್ಟೋ ಸಲ ನೆನೆಸಿಕೊಂಡಿದ್ದಾರೆ. ಯಾಕೆ ಎದ್ದು ನಿಂತ್ರಿ ಅಂತ ಅಣ್ಣನ್ನ ಕೇಳಿದೆ. ಅವರಿಗೆ ದೊಡ್ಡ ಕಾರಣ ಏನೂ ಹೊಳೀಲಿಲ್ಲ. "ಮೊದಲು ಯಾರೂ ಅಲ್ಲಾಡಲಿಲ್ಲ. ಆಮೇಲೆ ಮುಂದಿನ ಸಾಲಿನವರು ಎದ್ದರು. ಚೆನ್ನಾಗಿ ಆಡಿದ್ರಲ್ಲ" ಅಂದರು, ಅಷ್ಟೇ.

ಸೋತ ಮ್ಯಾಚಿನಲ್ಲಿ ಪ್ರಸಾದ್ ಸಾಧನೆ ಮುಚ್ಚಿಹೋಯ್ತು ಅನ್ನೋದು ಅರ್ಧ ಸತ್ಯ. ಇನ್ನರ್ಧ ದೆಹಲಿಯಲ್ಲಿದೆ. ಸರಿಯಾಗಿ ಒಂದು ವಾರ ಕಳೆದು, ಫೆಬ್ರವರಿ 7ಕ್ಕೆ, ಅದೇ ಅಗೆದು ಸರಿಮಾಡಿದ ಕೋಟ್ಲಾದಲ್ಲಿ ಕುಂಬ್ಳೆ 74 ರನ್ನಿಗೆ ಹತ್ತಕ್ಕೆ ಹತ್ತೂ ವಿಕೆಟ್ ತೆಗೆದರು. ಜಿಮ್ ಲೇಕರ್ ಬಿಟ್ಟರೆ ಟೆಸ್ಟ್‌ನಲ್ಲಿ ಅಲ್ಲಿಯವರೆಗೆ ಯಾರೂ ಮಾಡದ್ದು. ಬೆಂಗಳೂರಿನ ಎಂ.ಜಿ. ರೋಡಿನಲ್ಲಿ ಸರ್ಕಲ್‌ಗೆ ಅವರ ಹೆಸರಿಟ್ಟರು. ಆರು ವಿಕೆಟ್ ಯಾರಿಗೆ ನೆನಪಿರುತ್ತೆ?

ಕಥೆ ಇಲ್ಲಿಗೇ ಮುಗಿಯಲ್ಲ. ಅದೇ ತಿಂಗಳು 16ರಿಂದ ಕೋಲ್ಕತ್ತದಲ್ಲಿ ಏಷ್ಯನ್ ಟೆಸ್ಟ್ ಚಾಂಪಿಯನ್‌ಶಿಪ್ ಪಂದ್ಯ, ಮತ್ತೆ ಪಾಕಿಸ್ತಾನ. ಶ್ರೀನಾಥ್ ಎರಡನೇ ಇನಿಂಗ್ಸ್‌ನಲ್ಲಿ 86ಕ್ಕೆ 8, ಪಂದ್ಯದಲ್ಲಿ 13 ವಿಕೆಟ್. ಭಾರತ 46 ರನ್ನಿನಿಂದ ಸೋತಿತು. ಸಚಿನ್ ರನೌಟ್ ಆಗಿದ್ದಕ್ಕೆ ಗಲಾಟೆ ಎದ್ದು, ಜನರನ್ನೆಲ್ಲ ಹೊರಗೆ ಕಳಿಸಿ, ಖಾಲಿ ಈಡನ್ ಗಾರ್ಡನ್ಸ್‌ನಲ್ಲಿ ಆಟ ಮುಗಿಸಬೇಕಾಯ್ತು. ಇಪ್ಪತ್ತು ದಿನದ ಹಿಂದಿನ ಚೆಪಾಕನ್ನ ಇದರ ಪಕ್ಕದಲ್ಲಿಟ್ಟು ನೋಡಿ.

ಪ್ರಸಾದ್ 6/33, ಕುಂಬ್ಳೆ 10/74, ಶ್ರೀನಾಥ್ 8/86. ಮೂರು ವಾರದ ಒಳಗೆ, ಒಂದೇ ಎದುರಾಳಿ ಮೇಲೆ, ಒಂದೇ ರಾಜ್ಯದ ಮೂವರು ತಮ್ಮ ತಮ್ಮ ಟೆಸ್ಟ್ ಜೀವನದ ಅತ್ಯುತ್ತಮ ಬೌಲಿಂಗ್ ಮಾಡಿದರು. ಹೀಗೆ ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಮೈ ಜುಂ ಅಂತು. ನಡುವಿನದು ಗೆದ್ದ ಪಂದ್ಯ, ಅದು ಮಕ್ಕಳಿಗೂ ಬಾಯಿಪಾಠ. ಆಚೆ ಈಚೆ ಎರಡು ಸೋತವು. ಪ್ರಾಜೆಕ್ಟ್ ಮುಳುಗಿದ ಮೇಲೆ ಅದರಲ್ಲಿ ನಿಮ್ಮ ಮಾಡ್ಯೂಲ್ ಒಂದೂ ಬಗ್ ಇಲ್ಲದೆ ಓಡ್ತಿತ್ತು ಅಂತ ಅಪ್ರೈಸಲ್‌ನಲ್ಲಿ ಹೇಳಿ ನೋಡಿದೀರಾ? ಹೂಂ. ಗೊತ್ತು ನಿಮಗೆ.

ಆಮೇಲಿನದ್ದು ಬೇಗ ಹೇಳ್ತೀನಿ. ಅದೇ 1999ರ ಜೂನ್ 8, ಮ್ಯಾಂಚೆಸ್ಟರ್, ವಿಶ್ವಕಪ್, ಕಾರ್ಗಿಲ್‌ನಲ್ಲಿ ಯುದ್ಧ ನಡೀತಿರೋವಾಗಲೇ ಪಾಕಿಸ್ತಾನದ ಎದುರು ಪ್ರಸಾದ್ 27ಕ್ಕೆ 5. ಈ ಸಲ ಗೆದ್ವಿ. 2001ರಲ್ಲಿ ಕೊನೆಯ ಟೆಸ್ಟ್, 2005ರಲ್ಲಿ ನಿವೃತ್ತಿ. 33 ಟೆಸ್ಟ್‌ನಲ್ಲಿ 96 ವಿಕೆಟ್, 161 ಒಂದು ದಿನದ ಪಂದ್ಯದಲ್ಲಿ 196. ಎರಡೂ ಕಡೆ ನೂರು, ಇನ್ನೂರಕ್ಕೆ ನಾಲ್ಕು ನಾಲ್ಕೇ ಕಡಿಮೆ, ನೋಡಿ ವಿಚಿತ್ರ. ಆಮೇಲೆ ಭಾರತ ತಂಡದ ಬೌಲಿಂಗ್ ಕೋಚ್, 2008ರಲ್ಲಿ ಆರ್‌ಸಿಬಿಯ ಮೊದಲ ಕೋಚ್. 2010ರಲ್ಲಿ ಕುಂಬ್ಳೆ, ಶ್ರೀನಾಥ್ ಜೊತೆ ಕೆಎಸ್‌ಸಿಎ ಆಡಳಿತಕ್ಕೂ ಬಂದರು. ಹಳೇ ಬೌಲಿಂಗ್ ದಾಳಿ, ಹೊಸ ಮೈದಾನ.

ಕೊನೆಯದಾಗಿ ಒಂದು ವಿಷಯ. 2018ರ ಏಪ್ರಿಲ್‌ನಲ್ಲಿ ಕಾವೇರಿ ಗಲಾಟೆಗೆ ಚೆನ್ನೈ ಸೂಪರ್ ಕಿಂಗ್ಸ್‌ನ ಪಂದ್ಯಗಳು ಚೆಪಾಕ್ ಬಿಟ್ಟು ಪುಣೆಗೆ ಹೋದವಲ್ಲ, ಆ ವಾರ ನಾನು ಟ್ರೇನಿನಲ್ಲಿ ಅಮ್ಮನ ಫೋನ್ ಬಂದರೆ ಎತ್ತುತ್ತಿರಲಿಲ್ಲ, ಇಳಿದು ಮಾಡ್ತಿದ್ದೆ. ಯಾರೂ ಏನೂ ಅಂದಿರಲಿಲ್ಲ, ನನಗೇ ಅಳುಕು. ಅಣ್ಣನಿಗೆ ಅದು ಹೇಗೋ ಗೊತ್ತಾಯ್ತು. ಒಂದು ಶನಿವಾರ ವೇಳಚೇರಿಯಿಂದ ಎಂಆರ್‌ಟಿಎಸ್ ಹತ್ತಿಸಿ ಚೆಪಾಕ್ ಸ್ಟೇಷನ್‌ನಲ್ಲಿ ಇಳಿಸಿದರು. ಮ್ಯಾಚ್ ಇಲ್ಲ, ಗೇಟಿಗೆ ಬೀಗ. ವಾಲಾಜಾ ರೋಡ್ ಕಡೆ ಗೋಡೆ ಪಕ್ಕ ನಡ್ಕೊಂಡು ಹೋಗ್ತಾ, ಪ್ರಸಾದ್ ಯಾವ ತುದಿಯಿಂದ ಹಾಕ್ತಿದ್ದರು, ತಾವು ಎಲ್ಲಿ ಕೂತಿದ್ದರು ಅಂತ ಗೋಡೆ ಈಚೆಯಿಂದಲೇ ಕೈ ಮಾಡಿ ತೋರಿಸಿದರು. ಅಷ್ಟರಲ್ಲಿ ನನ್ನ ಫೋನ್ ಬಂತು, ಅಮ್ಮ.

"ಎತ್ತು ಪಾ" ಅಂದರು. ಎತ್ತಿದೆ. ಅಲ್ಲೇ ಫುಟ್‌ಪಾತ್ ಮೇಲೆ ನಿಂತು, ಗಾಡಿಗಳ ಸದ್ದಿನಲ್ಲಿ ಕೇಳಿಸಲಿ ಅಂತ ಜೋರಾಗಿಯೇ ಮಾತಾಡಿದೆ. ಊಟ ಆಯ್ತಾ ಅಂತ ಕೇಳಿದ್ರು. ಇನ್ನೂ ಇಲ್ಲ, ಚೆಪಾಕ್ ನೋಡೋಕೆ ಬಂದಿದ್ದೀನಿ ಅಂದೆ. ಅಣ್ಣ ಅಷ್ಟು ಹೊತ್ತಿಗೆ ರಸ್ತೆ ದಾಟಿ ಎರಡು ಟೀ ಹೇಳಿದ್ದರು.